ಕೆಮ್ಮಣ್ಣಿನ ಗೆರೆ

ನಮ್ಮೂರ ಹೊಳೆಯ ಮೆಟ್ಟಿಲ ಬಳಿ ಒಂದು ಕಲ್ಲುಕಂಬವಿತ್ತು. ಅದರ ಮೈಮೇಲೆ ಕೆಮ್ಮಣ್ಣಿನ ಗೆರೆಗಳು: ಮೊಣಕಾಲೆತ್ತರಕ್ಕೆ ಒಂದು, ಸೊಂಟದೆತ್ತರಕ್ಕೆ ಇನ್ನೊಂದು, ಎಲ್ಲಕ್ಕೂ ಮೇಲಿನದು ನನ್ನ ಎದೆಮಟ್ಟಕ್ಕೆ. ನೆರೆ ಇಳಿದ ಮೇಲೆ, ನೀರು ಮುಟ್ಟಿದ ಎತ್ತರಕ್ಕೆ ಕೇರಿಯ ಹಿರಿಯ ಹೆಂಗಸು ಗೆರೆ ಎಳೆಯಬೇಕು. ಆಮೇಲೆ ಹೊಳೆ ಅದನ್ನು ದಾಟುವುದಿಲ್ಲವೆಂದು ಊರಿನ ನಂಬಿಕೆ. ಕೆಳಗಿನ ಗೆರೆಗಳನ್ನು ದಾಟಿಯೇ ಮೇಲಿನದು ಬಂತೆಂದು ಯಾರೂ ಯೋಚಿಸಿದಂತಿರಲಿಲ್ಲ.

ದಂಡೆಯಲ್ಲಿ ಹೆರಿಗೆ ಆಸ್ಪತ್ರೆ ಕಟ್ಟುವಾಗ ಪುರಸಭೆಯ ಅಧ್ಯಕ್ಷ ವೀರಭದ್ರಶೆಟ್ಟರು ಆ ಮೇಲಿನ ಗೆರೆಗೆ ದಾರ ಹಿಡಿಸಿ, ಅದರ ಸಮಕ್ಕೇ ನೆಲ ನಿಲ್ಲಿಸಿದರು. ನಾನು ಹೋಗಿ ಕೇಳಿಕೊಂಡೆ.

"ಇನ್ನೊಂದು ಆಳೆತ್ತರ ಏರಿಸಿ ಶೆಟ್ಟರೇ. ಮಳೆ ಮೊದಲಿನ ಹಾಗಿಲ್ಲ. ತಿಂಗಳೆಲ್ಲ ಸುರೀತಿದ್ದದ್ದು ಈಗ ಒಂದೇ ಹಗಲಲ್ಲಿ ಸುರಿಯುತ್ತೆ."

"ನೀವು ಕಾಲೇಜು ಕಲಿತೋರು ಅಮ್ಮಾ, ಹೊಳೆಗೂ ಒಂದಿಷ್ಟು ಪಾಠ ಹೇಳಿಬಿಡಿ!" ಸುತ್ತಲಿದ್ದವರು ನಕ್ಕರು.

"ಅದು ನೀರು ಬಂದ ಗುರುತು. ನಿಲ್ಲೋ ಗುರುತಲ್ಲ," ಎಂದೆ. ಕೇಳುವವರಿರಲಿಲ್ಲ.

ಕಾಲವಲ್ಲದ ಕಾಲದಲ್ಲಿ, ಸುಗ್ಗಿಯ ಹೊತ್ತಿಗೆ, ಮಳೆ ಬಂತು. ಮಧ್ಯಾಹ್ನಕ್ಕೆಲ್ಲ ನೀರು ಬಾಣಂತಿಯರ ಮಂಚ ಮುಟ್ಟಿತು, ಆಮೇಲೂ ಏರುತ್ತಲೇ ಹೋಯಿತು. ಆಯಾ ಜೈನಬಿ ತನ್ನ ಒಣ ಸೆರಗನ್ನು ಹರಿದು ಕೂಸುಗಳಿಗೆ ಸುತ್ತಿ, ಒಂದೊಂದಾಗಿ ಮಾಳಿಗೆಗೆ ಸಾಗಿಸಿದಳು. ತಿಂಗಳು ತುಂಬದೆ ಹುಟ್ಟಿದ್ದ ತಿಪ್ಪವ್ವನ ಮಗು ಮಾತ್ರ ಥಂಡಿ ತಡೆಯಲಿಲ್ಲ. ಉಸಿರು ನಿಂತ ಮೇಲೂ ಜೈನಬಿ ಅದನ್ನು ಎದೆಗೊತ್ತಿಕೊಂಡೇ ಇದ್ದಳು. ಆ ಒದ್ದೆ ನೆಲಕ್ಕೆ ಇಳಿಸಲು ಒಪ್ಪಲಿಲ್ಲ.

ಆ ವರ್ಷ ಕೇರಿಗೆ ನಾನೇ ಹಿರಿಯಳು. ಕಂಬದ ಮೇಲಿನ ಕೆಸರಿನ ಗುರುತು ನನ್ನ ಕೈಗೆಟುಕಲಿಲ್ಲ. ಶೆಟ್ಟರು ತಾವೇ ಮನೆಯಿಂದ ಸ್ಟೂಲು ತಂದಿಟ್ಟರು. ಅತ್ತು ಅವರ ಕಣ್ಣುಗಳೂ ಕೆಂಪಾಗಿದ್ದವು. ಜೈನಬಿ ಸ್ಟೂಲು ಅಲುಗದಂತೆ ಹಿಡಿದಳು. ನಾನು ಹತ್ತಿ ಗೆರೆ ಎಳೆದೆ.

"ಇನ್ನು ಹೆದರಿಕೆಯಿಲ್ಲ ಬಿಡಿ ಅಮ್ಮಾ," ಎಂದರು ಶೆಟ್ಟರು. "ಈ ಸಲ ಈ ಗೆರೆ ಸಮಕ್ಕೇ ನೆಲ ಏರಿಸ್ತೀವಿ."

ಜನ್ಮದಲ್ಲಿ ನಾನು ಹೊರಗಿನವರನ್ನು ಏಕವಚನದಲ್ಲಿ ಮಾತನಾಡಿಸಿದವಳಲ್ಲ.

"ಇನ್ನೂ ಎಷ್ಟು ಕೂಸು ಬೇಕೋ ನಿನ್ನ ಗೆರೆಗೆ?"

ಮತ್ತೆ ಕೆಮ್ಮಣ್ಣಿಗೆ ಕೈಯದ್ದಿ, ತುದಿಗಾಲಲ್ಲಿ ನಿಂತು, ನೀರು ಇನ್ನೂ ಮುಟ್ಟದ ಎತ್ತರಕ್ಕೆ ಚಾಚಿದೆ.

"ಬ್ಯಾಡ್ರೀ, ಅಪಶಕುನ! ಹೊಳೇನ ಕರೆದಂಗಾಯ್ತದೆ!" ಎಂದು ಜನ ಕೂಗಿದರು.

"ಎಳೀರಿ ಅಮ್ಮಾ," ಎಂದಳು ಜೈನಬಿ ಕೆಳಗಿನಿಂದ. "ನಾನು ಹಿಡ್ಕೊಂಡಿದೀನಿ."

ಎಳೆದೆ. ಹಸಿ ಕೆಮ್ಮಣ್ಣು ಆ ಗೆರೆಯಿಂದ ತೊಟ್ಟಿಕ್ಕಿ, ಆಗಷ್ಟೇ ಎಳೆದ ಗೆರೆಯನ್ನು ದಾಟಿ, ಹಳೆಯವನ್ನೂ ಒಂದೊಂದಾಗಿ ದಾಟಿ, ನೆಲಕ್ಕಿಳಿಯಿತು.