ಒಂದು ಗೇಣು ದೂರದ ಕಡ್ಡಿ

"ಊದೋ, ಬೋಳಿಮಗನೇ! ಕಡ್ಡಿಗೆ ಮುತ್ತು ಕೊಡೋಕೆ ಕರೆದಿಲ್ಲ ನಿನ್ನ."

ಮೇಸ್ತ್ರಿ ಉರಿಯುವ ಬೆಂಕಿಕಡ್ಡಿಯನ್ನು, ನಾವು ಉದ್ದ ಎಂದು ಕರೆಯುವ ಜೊತೆಗಾರನ ಬಾಯಿಂದ ಒಂದು ಗೇಣು ದೂರ ಹಿಡಿದಿದ್ದ. ತುಟಿ ಚೂಪು ಮಾಡುವಂತಿಲ್ಲ. ಬಾಯಿ ಅಗಲ ತೆರೆದು ಊದಬೇಕು. ಆರಿದರೆ ಸುರಂಗದೊಳಗೆ, ಆರದಿದ್ದರೆ ಮನೆಗೆ. ಬಂಡೆ ಕೊರೆಯುವ ನಮ್ಮ ಹದಿನೈದು ಮಂದಿಗೆ ದಿನಾ ಬೆಳಗ್ಗೆ ಆರಕ್ಕೆ ಇದೇ ಪರೀಕ್ಷೆ. ಯಾರಾದರೂ ಒಳಗೆ ಬಿದ್ದು ಸತ್ತರೆ ಒಂದು ದಿನದ ಕೆಲಸ ನಿಲ್ಲುತ್ತದೆ, ಅದಕ್ಕೆ.

ಉದ್ದ ಮೂರು ಸಲ ಊದಿದ. ಉರಿ ಅಲ್ಲಾಡಿತು, ಆರಲಿಲ್ಲ.

"ಗಾಳಿ ಎದುರಿಗಿತ್ತು ಮೇಸ್ತ್ರಿ."

"ಗಾಳಿ ನಿನ್ನ ಎದೇಲೇ ಇಲ್ಲ ಕಣೋ. ಹೋಗು, ಹೆಂಡ್ತಿ ಪಕ್ಕ ಕೂತು ಒಲೆ ಊದು."

ಯಾರೋ ನಕ್ಕರು. ನಾನೂ ನಕ್ಕೆ. ಉದ್ದನಿಗೆ ಮೂವತ್ತನಾಲ್ಕು ವರ್ಷ. ಟೊಪ್ಪಿಗೆಯನ್ನು ಕಲ್ಲಿನ ಮೇಲಿಟ್ಟು ಇಳಿಜಾರಿನಲ್ಲಿ ಇಳಿದುಹೋದ. ಹೋಗುತ್ತ ಎರಡು ಕಡೆ ಕೂತ.

ನಮ್ಮ ಯಂತ್ರಗಳಿಗೆ ಪಕ್ಕದಲ್ಲೊಂದು ತೂತಿದೆ. ಅದಕ್ಕೆ ನೀರಿನ ಪೈಪು ಸಿಕ್ಕಿಸಿದರೆ, ಎದೆಗಿಳಿದು ಉಸಿರು ತಿನ್ನುವ ಕಲ್ಲಿನ ಧೂಳು ಏಳುವುದಿಲ್ಲ, ಕೆಸರಾಗಿ ಕಾಲಡಿ ಇಳಿಯುತ್ತದೆ. ಹದಿನೈದು ಯಂತ್ರದ ತೂತಿಗೂ ಮರದ ಬೆಣೆ ಬಡಿದಿದ್ದಾರೆ. ಈ ಸುರಂಗ ಕೊರೆಯುತ್ತಿರುವುದು ನಗರಕ್ಕೆ ಕುಡಿಯುವ ನೀರು ಒಯ್ಯಲು.

ಪೈಪು ಹಾಕಿಸಿ ಎಂದು ಬರೆದುಕೊಟ್ಟ ಅರ್ಜಿಗೆ ನಲವತ್ತೊಂದು ದಿನದ ಮೇಲೆ ಕರೆ ಬಂತು. ಅದೂ ಅದೇ ದಿನ ಮಧ್ಯಾಹ್ನ. ಅಪ್ಪನನ್ನೂ ಕರೆದುಕೊಂಡು ಹೋದೆ. ಮೊದಲನೆಯ ಸುರಂಗ ಕೊರೆದವರಲ್ಲಿ ಉಳಿದಿರುವವನು ಅವನೊಬ್ಬ. ಆಫೀಸಿಗೆ ಹನ್ನೊಂದು ಮೆಟ್ಟಿಲು. ಅಪ್ಪನಿಗೆ ಹತ್ತು ನಿಮಿಷ ಹಿಡಿಯಿತು.

ಲೆಕ್ಕದ ಸಾಹೇಬರು ಒಳ್ಳೆಯವರು. ಕುರ್ಚಿ ಕೊಡಿಸಿದರು, ಅಪ್ಪನ ಮುಂದೆ ನೀರಿನ ಲೋಟ ಇಡಿಸಿದರು.

"ನೋಡಿ, ನಿಮ್ಮ ಕಾಯಿಲೆಯನ್ನ ನಾವು ಬಿಟ್ಟಿಲ್ಲ. ವರದೀಲಿ ಸೇರಿಸಿದೀವಿ," ಎಂದು ಒಂದು ಹಾಳೆ ತಿರುಗಿಸಿ ತೋರಿಸಿದರು. "ಆದರೆ ಅದು ಬರೋದು ಸರಾಸರಿ ಇಪ್ಪತ್ತೈದು ವರ್ಷ ಆದ್ಮೇಲೆ. ಮುಂದೆ ಆಗೋ ನಷ್ಟಾನ ಇವತ್ತಿನ ಬೆಲೆಗೆ ಇಳಿಸ್ಬೇಕು. ವರ್ಷಕ್ಕೆ ಶೇಕಡಾ ಹನ್ನೆರಡು. ಇಪ್ಪತ್ತೈದು ವರ್ಷದಾಚೆಯ ನೂರು ರೂಪಾಯಿ ಅಂದ್ರೆ ಇವತ್ತಿಗೆ ಆರು. ಆರೂ ಪೂರ್ತಿ ಆಗಲ್ಲ."

"ಪೈಪಿಗೆ?"

"ಅದು ಇವತ್ತಿನ ಖರ್ಚು. ಪೂರ್ತಿ ಬೀಳುತ್ತೆ. ಜೊತೆಗೆ ಕೆಲಸ ಏಳು ತಿಂಗಳು ತಡ. ನೀರು ತಡವಾದಷ್ಟೂ ಲಾಭ ಇಳಿಯುತ್ತೆ. ತೂಗಿ ನೋಡಿದ್ರೆ ಪೈಪು ಗಿಟ್ಟಲ್ಲ."

"ಉದ್ದನಿಗೆ ಒಂಬತ್ತೇ ವರ್ಷಕ್ಕೆ ಬಂತಲ್ಲ ಸಾರ್?"

"ಸಿಗರೇಟು ಸೇದ್ತಾನಾ?"

"ಸೇದ್ತಾನೆ."

ಅವರು ಏನೋ ಬರೆದುಕೊಂಡರು.

ಅಪ್ಪ ಎರಡು ಮಾತಿಗೊಮ್ಮೆ ನಿಲ್ಲುತ್ತಾನೆ. ಎದೆಯೊಳಗೆ ಹಳೆಯ ಬಾಗಿಲು ಎಳೆದಂತೆ ಸದ್ದಾಗುತ್ತದೆ. "ನಮ್ಮ ಸುರಂಗಕ್ಕೂ... ಹಿಂಗೇ... ಹಾಕಿದ್ರಾ ಲೆಕ್ಕ?"

"ಇದೇ ಕ್ರಮ, ಯಜಮಾನರೇ."

"ಹಂಗಾದ್ರೆ ನಾನು... ಆರು."

"ಹಾಗೆ ಸ್ವಂತಕ್ಕೆ ಹಚ್ಕೋಬೇಡಿ."

"ಇಲ್ಲ ಸಾಮಿ. ಕೇಳ್ದೆ ಅಷ್ಟೆ." ಅಪ್ಪ ಲೋಟ ಎತ್ತಿದ, ಕುಡಿಯದೆ ಹಿಡಿದುಕೊಂಡ. "ಇಪ್ಪತ್ತೈದು ವರ್ಷ... ಈ ವರ್ಷಕ್ಕೆ ಆಯ್ತು. ಈಗ ನಾನು... ನೂರು ಆದ್ನಾ?"

ಸಾಹೇಬರು ಹಾಳೆ ನೋಡಿದರು, ಗಡಿಯಾರ ನೋಡಿದರು.

"ಆ ಯೋಜನೆಯ ಫೈಲು ಮುಗಿದಿದೆ," ಎಂದರು.

ಇಳಿಯುವಾಗ ಅಪ್ಪನನ್ನು ಬೆನ್ನ ಮೇಲೆ ಹೊತ್ತುಕೊಂಡೆ. ಮೂವತ್ತೆಂಟು ಕಿಲೋ. ನನ್ನ ಯಂತ್ರಕ್ಕಿಂತ ಹಗುರ.

ಸಂಜೆ ನಾವು ಹದಿನಾಲ್ಕು ಮಂದಿ ಬಾವಿಕಟ್ಟೆಯ ಹತ್ತಿರ ಐದು ನಿಮಿಷ ಮಾತಾಡಿದೆವು. ಯಾರೂ ದನಿ ಏರಿಸಲಿಲ್ಲ.

ಮಾರನೆಯ ಬೆಳಗ್ಗೆ ಆರಕ್ಕೆ ಮೇಸ್ತ್ರಿ ಕಡ್ಡಿ ಗೀರಿ ನನ್ನ ಮುಂದೆ ಹಿಡಿದ. ನಾನು ಬಾಯಿ ತೆರೆದು ಸುಮ್ಮನೆ ನಿಂತೆ. ಉರಿ ಅವನ ಬೆರಳಿಗೆ ಬಂತು.

"ಥೂ ನಿನ್ನಜ್ಜಿ! ಏನಾಯ್ತೋ?"

"ಉಸಿರಿಲ್ಲ ಮೇಸ್ತ್ರಿ."

ಎರಡನೆಯವನೂ ಊದಲಿಲ್ಲ. ಮೂರನೆಯವನು ನನ್ನ ತಮ್ಮ, ಎತ್ತು ಎತ್ತಿ ಒಗೆಯುವಂಥ ಆಳು. ಅವನೂ ಇಲ್ಲ. ಏಳನೆಯ ಕಡ್ಡಿಗೆ ಮೇಸ್ತ್ರಿಯ ಹೆಬ್ಬೆರಳು ಸುಟ್ಟಿತ್ತು; ಆದರೂ ಹದಿನಾಲ್ಕನೆಯವನ ತನಕ ಗೀರಿದ.

"ಎಲ್ಲಾ ಒಟ್ಟಿಗೆ ಸತ್ರೇನ್ರೋ, ನಾಯಿಗಳಾ?"

"ಇನ್ನೂ ಟೈಮಿದೆ ಮೇಸ್ತ್ರಿ. ಸಾಹೇಬ್ರು ಇಪ್ಪತ್ತೈದು ವರ್ಷ ಕೊಟ್ಟವ್ರೆ," ಎಂದ ತಮ್ಮ. ಈ ಸಲ ಯಾರೂ ನಗಲಿಲ್ಲ.

"ಪೈಪು ಬರೋ ತನಕ ಊದಲ್ಲ," ಎಂದೆ.

"ನಾಳೆ ಬೇರೆ ಹದಿನಾಲ್ಕು ಜನ ತರ್ತೀನಿ. ಎದೆ ಇರೋರನ್ನ."

"ತಾ."

ಹದಿನಾಲ್ಕು ಕಪ್ಪು ಕಡ್ಡಿಗಳು ಅವನ ಕಾಲ ಬಳಿ ಬಿದ್ದಿದ್ದವು. ಕೂಗಿ ಕೂಗಿ ಅವನಿಗೆ ಕೆಮ್ಮು ಬಂತು. ಹನ್ನೊಂದು ವರ್ಷದಿಂದ ಸುರಂಗದ ಬಾಯಲ್ಲೇ ನಿಲ್ಲುವವನು, ನಾವು ಒಳಗೆ ಎಬ್ಬಿಸಿದ ಧೂಳು ಹೊರಗೆ ಬರುವ ಕಡೆ. ಬಗ್ಗಿ, ಮಂಡಿ ಹಿಡಿದುಕೊಂಡು ಕೆಮ್ಮಿದ. ಬೆಂಕಿಪೊಟ್ಟಣ ಕೈಜಾರಿತು.

ನಾನು ಎತ್ತಿಕೊಂಡೆ. ಒಂದು ಕಡ್ಡಿ ಗೀರಿ ಅವನ ಬಾಯಿಂದ ಗೇಣು ಅಳೆದು ಹಿಡಿದೆ.

"ನೀನೂ ಒಂದ್ಸಲ ಊದು ಮೇಸ್ತ್ರಿ."

ಬೈಯುತ್ತಾನೆ ಅಂದುಕೊಂಡೆ. ಅವನು ಉರಿಯನ್ನೇ ನೋಡಿದ. ಆಮೇಲೆ ದಿನಾ ನಮಗೆ ಹೇಳುವ ಹಾಗೆಯೇ, ತುಟಿ ಚೂಪು ಮಾಡದೆ, ಬಾಯಿ ಅಗಲ ತೆರೆದು ಊದಿದ.

ಉರಿ ಸ್ವಲ್ಪ ಬಾಗಿತು. ಮತ್ತೆ ನೆಟ್ಟಗೆ ನಿಂತಿತು.