ಎದುರಾಳಿ ಹೇಳಬೇಕಾದ ಮಾತು

ನಮ್ಮ ಫುಟ್‌ಬಾಲ್ ಸಂಘದ ಹಾಲ್ ಆಫ್ ಫೇಮ್ ಎಂದರೆ ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ಒಂದು ಉದ್ದನೆಯ ಗೋಡೆ, ಅಷ್ಟೆ. ಅಲ್ಲಿ ತೂಗುವ ಫೋಟೋಗಳಲ್ಲಿ ಮುಕ್ಕಾಲು ಪಾಲು ಗೋಲು ಹೊಡೆದವರದೇ. ಗೋಲು ತಡೆದವರು ಯಾರಿಗೆ ಬೇಕು? ಈ ವಿಷಯ ಬಂದರೆ ನನಗೆ ಮೈಯೆಲ್ಲ ಉರಿಯುತ್ತದೆ, ಏಕೆಂದರೆ ನನ್ನ ಅಕ್ಕ ಡಿಫೆಂಡರ್ ಆಗಿದ್ದಳು.

ಅಕ್ಕನಿಗೆ ಈಗ ಮಂಡಿ ಸವೆದಿದೆ. ಟಿವಿಯಲ್ಲಿ ಪಂದ್ಯ ಬಂದರೆ ಚಾನೆಲ್ ಬದಲಿಸುತ್ತಾಳೆ. "ನಾನೂ ಆಡ್ತಿದ್ದೆ ಅಂತ ನನಗೇ ನಂಬಿಕೆ ಹೋಗಿದೆ ಕಣೇ" ಎಂದು ಒಮ್ಮೆ ಅಂದಿದ್ದಳು. ಆ ಮಾತು ನನ್ನ ಎದೆಯಲ್ಲಿ ಮುಳ್ಳಿನಂತೆ ಕೂತುಬಿಟ್ಟಿತು. ಅವಳ ಫೋಟೋ ಆ ಗೋಡೆಗೆ ಬರಲೇಬೇಕು ಎಂದು ಹಟ ಹಿಡಿದೆ.

ಆಯ್ಕೆ ಸಮಿತಿಯಲ್ಲಿ ನಾನೂ ಇದ್ದೇನೆ. ಇದ್ದೇನು ಬಂತು? ಸಂಬಂಧಿಕರು ಬಾಯಿ ಬಿಡುವಂತಿಲ್ಲ, ಕೈ ಎತ್ತುವಂತಿಲ್ಲ. ಅದಕ್ಕಿಂತ ವಿಚಿತ್ರವಾದ ನಿಯಮ ಇನ್ನೊಂದಿದೆ: ಹೆಸರು ಸೂಚಿಸುವವರು ಎದುರು ತಂಡದಲ್ಲಿ ಆಡಿದವರೇ ಆಗಿರಬೇಕು. ಸ್ವಂತ ತಂಡದವರು ಯಾರನ್ನು ಬೇಕಾದರೂ ಹೊಗಳುತ್ತಾರೆ, ಎದುರಾಳಿ ಸುಮ್ಮಸುಮ್ಮನೆ ಹೊಗಳುವುದಿಲ್ಲ ಎಂದು ಹಳಬರು ಮಾಡಿಟ್ಟದ್ದು. ಸೂಚಿಸಿದವರು ಸಮಿತಿಯ ಮುಂದೆ ಬಂದು ಒಂದು ಪ್ರಶ್ನೆಗೆ ಉತ್ತರಿಸಬೇಕು. ಇವರನ್ನು ನಿಮ್ಮ ತಂಡಕ್ಕೆ ಸೇರಿಸಿಕೊಳ್ಳುತ್ತಿದ್ದಿರಾ? ಹೌದು ಎಂದರೆ ಮಾತ್ರ ಹೆಸರು ಮತಕ್ಕೆ ಹೋಗುತ್ತದೆ.

ಅಕ್ಕನ ಎದುರಾಳಿ ಎಂದರೆ ಬಿರುಗಾಳಿ. ಆ ಕಾಲದ ದೊಡ್ಡ ಫಾರ್ವರ್ಡ್. ಊರಿಗೆಲ್ಲ ಅವಳು ಗೊತ್ತಿರುವುದು ಆ ಅಡ್ಡಹೆಸರಿನಿಂದಲೇ. ಅವಳ ಫೋಟೋ ಗೋಡೆಯ ನಟ್ಟನಡುವೆ ಇದೆ. ಈಗ ಡ್ರೈವಿಂಗ್ ಸ್ಕೂಲ್ ನಡೆಸುತ್ತಾಳೆ. ಆಡುವಾಗ ಅಕ್ಕನಿಗೂ ಅವಳಿಗೂ ಎಣ್ಣೆ ಸೀಗೆಕಾಯಿ. ಆಟ ಬಿಟ್ಟ ಮೇಲೆ ಮಾತೇ ಇಲ್ಲ.

ಹುಡುಕಿಕೊಂಡು ಹೋದೆ. ಪುರುಸೊತ್ತಿಲ್ಲ ಎಂದು ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡಳು. ಮುಂದೆ, ಕಲಿಯಲು ಬಂದ ಹಲ್ಲಿನ ಡಾಕ್ಟರೊಬ್ಬರು ಸ್ಟೀರಿಂಗನ್ನು ಜೀವ ಕೈಯಲ್ಲಿ ಹಿಡಿದವರ ಹಾಗೆ ಹಿಡಿದಿದ್ದರು.

"ಕ್ಲಚ್ ಮೆಲ್ಲಗೆ ಬಿಡಿ ಡಾಕ್ಟ್ರೇ, ಮೆಲ್ಲಗೆ!" ಎಂದವಳೇ ನನ್ನ ಕಡೆ ತಿರುಗಿದಳು. "ನಿಮ್ಮಕ್ಕನ್ನ ನಾನ್ಯಾಕೆ ಹೊಗಳ್ಲಿ? ಮೈದಾನದಲ್ಲಿ ನನ್ನ ಬೆನ್ನೇ ಬಿಡ್ತಿರ್ಲಿಲ್ಲ ಮಹರಾಯ್ತಿ. ಕನಸಲ್ಲೂ ಬರ್ತಿದ್ಲು."

"ಅದನ್ನೇ ಬಂದು ಹೇಳಿ," ಎಂದೆ.

"ಬೈಯೋಕೆ ಆದ್ರೆ ಬರ್ತೀನಿ."

ಕಾರು ಮುಗ್ಗರಿಸಿ ನಿಂತಿತು. ಅದೇ ಸಮಯ ಎಂದು ಹೆಸರು ಸೂಚಿಸುವ ಅರ್ಜಿ ಮುಂದೆ ಹಿಡಿದೆ. ಗೊಣಗುತ್ತಲೇ ಸಹಿ ಗೀಚಿದಳು. ಬೈಯಲಾದರೂ ಬರಲಿ ಎಂದುಕೊಂಡು ಇಳಿದೆ.

ಸಮಿತಿ ಸೇರುವುದು ಆಟಗಾರರು ಬಟ್ಟೆ ಬದಲಿಸುವ ಕೋಣೆಯ ಮೇಲಿನ ರೂಮಿನಲ್ಲಿ. ನೋವಿನ ಮುಲಾಮಿನ ವಾಸನೆ ಅಲ್ಲಿಯ ಕುರ್ಚಿಗಳಿಗೂ ಹತ್ತಿದೆ. ಅಧ್ಯಕ್ಷರು ನಿವೃತ್ತ ರೆಫರಿ. ಚಹಾ ತಡವಾದರೆ ಚಹಾ ತಂದವನಿಗೂ ಎಚ್ಚರಿಕೆ ಕೊಡುವ ಮನುಷ್ಯ.

ಬಿರುಗಾಳಿ ಬಂದವಳೇ ಶುರು ಹಚ್ಚಿಕೊಂಡಳು. "ಎಡಗಡೆ ಹೋದ್ರೆ ಎಡಗಡೆ ಇರ್ತಿದ್ಲು. ಬಲಗಡೆ ಹೋದ್ರೆ ನನಗಿಂತ ಮುಂಚೆ ಅಲ್ಲಿರ್ತಿದ್ಲು. ಒದೀತಿರ್ಲಿಲ್ಲ, ಎಳೀತಿರ್ಲಿಲ್ಲ. ಹಾಗೆ ಮಾಡಿದ್ರೆ ಫೌಲ್ ಆದ್ರೂ ಸಿಗ್ತಿತ್ತಲ್ಲ! ಸುಮ್ನೆ ಬಾಲ್ ತಗೊಂಡು ಹೋಗ್ಬಿಡ್ತಿದ್ಲು."

ರೆಫರಿ ಪ್ರಶ್ನೆ ಕೇಳಿದರು. "ನಿಮ್ಮ ತಂಡಕ್ಕೆ ಸೇರಿಸ್ಕೊಳ್ತಿದ್ರಾ?"

"ಇಲ್ಲ."

ಕಾರ್ಯದರ್ಶಿ ಪೆನ್ನಿನ ಮುಚ್ಚಳ ಹಾಕಿದರು. ನನಗೆ ಬಂದ ಸಿಟ್ಟಿಗೆ ಅವಳ ಜುಟ್ಟು ಹಿಡಿದು ಮೆಟ್ಟಿಲಿಳಿಸುವಷ್ಟಾಯಿತು. ಬಾಯಿ ತೆರೆದರೆ ಅಕ್ಕನ ಹೆಸರೇ ರದ್ದಾಗುತ್ತದೆಂದು ತುಟಿ ಕಚ್ಚಿ ಕೂತೆ.

"ಯಾಕೆ?" ಎಂದರು ರೆಫರಿ. ಹಾಗೆ ಕೇಳುವ ಪದ್ಧತಿ ಇರಲಿಲ್ಲ.

"ಅವಳು ನನ್ನ ಕಡೆ ಇದ್ದಿದ್ರೆ ನಾನು ಬಿರುಗಾಳಿ ಆಗ್ತಿದ್ನಾ ಸಾರ್? ಅವಳನ್ನ ದಾಟ್ಬೇಕು ಅಂತಾನೇ ಬೆಳಗಾಗೋ ಮುಂಚೆ ಎದ್ದು ಓಡ್ದೆ. ಎಡಗಾಲಲ್ಲಿ ಹೊಡೆಯೋದು ಕಲಿತೆ. ಬೇರೆಯವರ ಮೇಲೆ ಹೊಡೆದ ಗೋಲೆಲ್ಲ ಅವಳಿಗೋಸ್ಕರ ಕಲಿತಿದ್ದು. ಅವಳ ಮುಂದೆ ಮಾತ್ರ ನನ್ನ ಆಟ ನಡೀಲಿಲ್ಲ." ಅವಳ ದನಿ ಇಳಿಯಿತು. "ಕೆಳಗೆ ನನ್ನ ಫೋಟೋ ಇದ್ಯಲ್ಲ, ಪಕ್ಕದಲ್ಲಿ ಅವಳು ಇಲ್ದೆ ಅದು ಅರ್ಧ ಸುಳ್ಳು."

"ಇದನ್ನ ಹೌದು ಅಂತ ಬರ್ಕೊಳ್ಳೋದಾ, ಇಲ್ಲ ಅಂತಾನಾ?" ಕಾರ್ಯದರ್ಶಿಗೆ ತಲೆ ಕೆಟ್ಟಿತ್ತು.

"ಈ ಪ್ರಶ್ನೆ ಕೇಳೋದು ಎದುರಾಳಿ ನಿಜವಾಗ್ಲೂ ಮೆಚ್ತಾರಾ ಅಂತ ತಿಳಿಯೋಕೆ ತಾನೇ? ಉತ್ತರ ಸಿಕ್ಕಿದೆ. ಮತಕ್ಕೆ ಹಾಕಿ," ಎಂದರು ರೆಫರಿ.

ನನ್ನ ಕೈ ಬಿಟ್ಟು ಎಲ್ಲ ಕೈಗಳೂ ಮೇಲೆದ್ದವು. ನಾನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಹಿಡಿದುಕೊಂಡಿದ್ದೆ. ಇಲ್ಲದಿದ್ದರೆ ಅವು ನನ್ನ ಮಾತು ಕೇಳುತ್ತಿರಲಿಲ್ಲ.

"ನಾನೇ ಹೋಗಿ ಹೇಳ್ತೀನಿ, ನೀನು ಉಪ್ಪುಖಾರ ಹಚ್ತೀಯ," ಎಂದು ಬಿರುಗಾಳಿ ನನ್ನನ್ನು ಕಾರಿಗೆ ಹತ್ತಿಸಿಕೊಂಡಳು. ಬಾಗಿಲು ತೆರೆದ ಅಕ್ಕ ಅವಳನ್ನು ನೋಡಿ ಚೌಕಟ್ಟು ಹಿಡಿದು ನಿಂತುಬಿಟ್ಟಳು.

"ನಿನ್ನ ಫೋಟೋ ಗೋಡೆಗೆ ಹಾಕ್ತಾರೆ," ಎಂದಳು ಬಿರುಗಾಳಿ. "ನಿನ್ನ ದಾಟೋಕೆ ನನ್ನಿಂದ ಆಗ್ಲೇ ಇಲ್ಲ ಅಂತ ಎಲ್ರ ಮುಂದೆ ಹೇಳಿ ಬಂದೆ."

ಅಕ್ಕ ಗೋಡೆಯ ವಿಷಯ ಕೇಳಲೇ ಇಲ್ಲ. "ಏನಂದೆ? ಇನ್ನೊಂದ್ಸಲ ಹೇಳು," ಎಂದಳು.

ಬಿರುಗಾಳಿ ಮತ್ತೆ ಹೇಳಿದಳು. ಮೂಳೆ ಮುರಿದಾಗಲೂ ಅಳದ ನನ್ನ ಅಕ್ಕ ಮುಖ ಮುಚ್ಚಿಕೊಂಡು ಬಿಕ್ಕಿದಳು, ಅಳುತ್ತಲೇ ನಕ್ಕಳು. ನನಗೂ ತಡೆಯಲಾಗಲಿಲ್ಲ.

"ಇನ್ನೊಂದೇ ಒಂದ್ಸಲ," ಎಂದಳು ಅಕ್ಕ.

"ಸಾಕು ಸುಮ್ನಿರೇ," ಎಂದು ಗದರಿದಳು ಬಿರುಗಾಳಿ, ಕಣ್ಣೊರೆಸಿಕೊಳ್ಳುತ್ತ. "ಕೂತ್ಕೊಂಡು ಹೇಳ್ತೀನಿ. ನನಗೂ ಮಂಡಿ ನೋವು."