ತಲೆಕೆಳಗಿನ ಯಾತ್ರಿಕ

ಹೆಣ ಮಲಗಿಸಿದ್ದ ಮಂಚದ ಕೆಳಗೆ ಅರ್ಧ ಮೈ ತೂರಿಸಿ ಅವಳು ಗಂಡನ ಸಾಮಾನಿನ ಚೀಲವನ್ನು ಎಳೆಯುತ್ತಿದ್ದಳು. ಚೀಲದ ಹಿಡಿ ಮಂಚದ ಕಾಲಿಗೆ ಸಿಕ್ಕಿಕೊಂಡಿತ್ತು. ಅವಳು ಜಗ್ಗಿದಾಗಲೆಲ್ಲ ಮಂಚ ಅಲುಗಿ ಮೇಸ್ತ್ರಿಯ ಎದೆಯ ಮೇಲಿನ ಹೂವುಗಳು ಒಂದೊಂದಾಗಿ ಅವಳ ಬೆನ್ನಿನ ಮೇಲೆ ಬೀಳುತ್ತಿದ್ದವು.

"ಅಮ್ಮಾ, ಏನ್ಮಾಡ್ತಿದ್ದೀಯ? ಜನ ನೋಡ್ತಿದಾರೆ," ಎಂದಳು ಮಗಳು.

"ನೋಡ್ಲಿ. ನೋಡೋಕೆ ತಾನೇ ಬಂದಿರೋದು. ನಿಮ್ಮಪ್ಪ ಚಿಕ್ಕ ಉಳಿ ಎಲ್ಲಿಟ್ಟಿದಾರೆ?"

ಗೋಡೆಗೆ ಒರಗಿ ಕೂತಿದ್ದವರು ಮುಖ ಮುಖ ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿತೋ ಏನೋ ಎಂದು ಒಬ್ಬರು ಪಿಸುಗುಟ್ಟಿದರು. ತಲೆ ಕೆಟ್ಟಿರಲಿಲ್ಲ. ಸ್ವಲ್ಪ ಹೊತ್ತಿನ ಹಿಂದೆ ನಾದಿನಿ ಆಡಿದ ಮಾತು ನೆಟ್ಟಗೆ ಹೋಗಿ ನಾಟಿತ್ತು, ಅಷ್ಟೆ.

ಈ ನಾದಿನಿ ಸತ್ತವನ ಅಕ್ಕ. ಬಾಯಿ ದೊಡ್ಡದು. ಬಂದವಳೇ ತಮ್ಮನ ಕೆನ್ನೆ ಸವರಿ, ಬೀದಿಗೆಲ್ಲ ಕೇಳುವ ಹಾಗೆ ಅತ್ತಿದ್ದಳು: "ಊರಲ್ಲಿ ಅರ್ಧ ಗೋಡೆಗಳಿಗೆ ಟೈಲ್ಸ್ ಕೂರಿಸಿದವನು ನೀನು. ಆದ್ರೂ ಸಾಯೋವರೆಗೆ ಹೆಸರು ಏನು? ತಲೆಕೆಳಗು ಮೇಸ್ತ್ರಿ! ಒಂದೇ ಒಂದು ಟೈಲು ತಪ್ಪಿದ್ದಕ್ಕೆ! ಕಟ್ಕೊಂಡವಳೇ ಬೀದೀಲಿ ಆಡಿಕೊಂಡ್ರೆ ಊರವರು ಬಿಡ್ತಾರಾ?"

ಉತ್ತರ ಕೊಡುವುದರಲ್ಲಿ ಮೇಸ್ತ್ರಿಯ ಹೆಂಡತಿ ಎಂದೂ ಹಿಂದೆ ಬಿದ್ದವಳಲ್ಲ. ಇವತ್ತು ಮಾತ್ರ ನೇರ ಮಂಚದ ಕೆಳಗೆ ತೂರಿದ್ದಳು, ಏಕೆಂದರೆ ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ.

ಬಸ್ ನಿಲ್ದಾಣದ ಒಳಗೋಡೆಯ ಮೇಲೆ ಮೂವತ್ತು ವರ್ಷದಿಂದ ಒಂದು ಬೆಟ್ಟ ನಿಂತಿದೆ. ಟೈಲುಗಳ ಮೇಲೆ ಅದನ್ನು ಬರೆದವಳು ಅವಳು, ಗೋಡೆಗೆ ಕೂರಿಸಿದವನು ಅವನು. ನೀಲಿ ಬೆಟ್ಟ, ನೆತ್ತಿಯಲ್ಲಿ ಬಿಳಿ ಗೋಡೆಯ ಮಠ, ಸುತ್ತಿ ಸುತ್ತಿ ಹತ್ತುವ ದಾರಿ, ದಾರಿಯುದ್ದಕ್ಕೂ ಕೋಲೂರಿಕೊಂಡು ನಡೆಯುವ ಯಾತ್ರಿಕರು. ಅವರಲ್ಲಿ ಒಬ್ಬ ಮಾತ್ರ ದಾರಿಯ ಕೆಳಗೆ ಬಾವಲಿಯ ಹಾಗೆ ನೇತಾಡುತ್ತಿದ್ದಾನೆ. ಅವನ ಟೈಲಿನಲ್ಲಿ ದಾರಿ ಸರಿಯಾಗಿ ನಡುಮಧ್ಯೆ ಹಾದುಹೋಗುತ್ತದೆ. ಹೇಗೆ ಇಟ್ಟರೂ ಪಕ್ಕದ ಟೈಲಿನ ದಾರಿಗೆ ಕೂಡಿಕೊಳ್ಳುತ್ತದೆ. ಬೆಟ್ಟಕ್ಕೆ ಹೋಗುವ ಬಸ್ಸು ಹೊರಡುವುದೂ ಆ ಗೋಡೆಯ ಆಚೆಯಿಂದಲೇ. ಹತ್ತುವ ಮೊದಲು ಜನ ಅವನನ್ನು ಒಮ್ಮೆ ಮುಟ್ಟಿ, "ಇವನಷ್ಟು ಕಷ್ಟ ನಮಗಿಲ್ಲವಲ್ಲಪ್ಪ" ಎಂದು ನಗುತ್ತಾರೆ. ನಕ್ಕವರು ಅವನನ್ನು ಕೂರಿಸಿದ್ದು ಯಾರೆಂದು ಕೇಳದೆ ಬಿಡುವುದಿಲ್ಲ.

ಚೀಲ ಕೊನೆಗೂ ಹೊರಗೆ ಬಂತು. ಅವಳು ಎದ್ದು ಸೆರಗು ಸಿಕ್ಕಿಸಿಕೊಂಡಳು.

"ಸ್ಮಶಾನಕ್ಕೆ ಗಾಡಿ ಎಷ್ಟೊತ್ತಿಗೆ?"

"ನಾಲ್ಕಕ್ಕೆ," ಎಂದಳು ಮಗಳು.

"ನಿಲ್ದಾಣದ ಮುಂದೇನೇ ತಾನೇ ಹೋಗೋದು? ಅಷ್ಟರಲ್ಲಿ ಆ ಯಾತ್ರಿಕ ನೆಟ್ಟಗೆ ನಿಂತಿರ್ಬೇಕು. ನಿಮ್ಮಪ್ಪ ತಪ್ಪಿಲ್ಲದ ಗೋಡೆ ಮುಂದೆ ಹೋಗ್ಬೇಕು. ಎಲ್ಲಿ ಉದ್ದಣ್ಣ?"

ಉದ್ದಣ್ಣ ಮೇಸ್ತ್ರಿಯ ಜೊತೆಗಾರ. ಇಬ್ಬರೂ ಒಂದೇ ಬಾಣಲೆಯಲ್ಲಿ ಸಿಮೆಂಟು ಕಲಸಿ ಮುದುಕರಾದವರು. ಬೆಳಗಿನಿಂದ ಮೂಲೆಯಲ್ಲಿ ಕೂತು ಅಳುತ್ತಿದ್ದವನು ಈ ಮಾತು ಕಿವಿಗೆ ಬಿದ್ದದ್ದೇ ತಡ, ಚೇಳು ಕುಟುಕಿದವನ ಹಾಗೆ ಎದ್ದ.

"ಬೇಡ ಅತ್ತಿಗೆ! ತೆಗೆದ್ರೆ ಒಡೆಯುತ್ತೆ."

"ಇವರೂ ಜೀವನಪೂರ್ತಿ ಅದನ್ನೇ ಹೇಳಿದ್ರು. ನೀನು ಬರ್ತೀಯೋ, ನಾನೇ ಉಳಿ ಹಿಡೀಲೋ?"

"ನೀವು ಉಳಿ ಹಿಡಿದ್ರೆ ಟೈಲಲ್ಲ, ನಿಲ್ದಾಣವೇ ಬೀಳುತ್ತೆ," ಎಂದು ಉದ್ದಣ್ಣ ಕಣ್ಣೊರೆಸಿಕೊಂಡ. ಸಾವಿನ ಮನೆ ಎನ್ನುವುದನ್ನೂ ಮರೆತು ನಾಲ್ಕು ಜನ ನಕ್ಕರು. ಅಷ್ಟು ಹೊತ್ತಿಗೆ ಅವಳು ಹೊಸಿಲು ದಾಟಿಯಾಗಿತ್ತು.

*

ನಿಲ್ದಾಣದ್ದು ಅವಳ ಮೊದಲ ಗೋಡೆ. ಟೈಲು ಕಾರ್ಖಾನೆಯಲ್ಲಿ ಅಲ್ಲಿಯವರೆಗೆ ಬಚ್ಚಲುಮನೆಯ ಟೈಲಿಗೆ ಬಳ್ಳಿ, ಎಲೆ ಬರೆಯುತ್ತಿದ್ದವಳಿಗೆ ಬೆಟ್ಟ ಒಪ್ಪಿಸುವಾಗ ಮಾಲೀಕ ಅನುಮಾನಿಸಿದ್ದ. "ಹುಡುಗಿ ಕೈಗೆ ಇಷ್ಟು ದೊಡ್ಡ ಕೆಲಸ ಕೊಡ್ತಿದ್ದೀನಿ. ಒಂದು ತಪ್ಪಾದ್ರೂ ನಾಳೆಯಿಂದ ಬರೋದು ಬೇಡ," ಎಂದಿದ್ದ.

ತಿಂಗಳುಗಟ್ಟಲೆ ಬರೆದಳು. ಭಟ್ಟಿಗೆ ಹಾಕುವ ಮೊದಲು ಪ್ರತಿ ಟೈಲಿನ ಬೆನ್ನಿಗೂ ಅದೇ ನೀಲಿಯಲ್ಲಿ ಒಂದು ಅಂಕಿ, ಒಂದು ಬಾಣ. ಅಂಕಿ ಎಂದರೆ ಯಾವ ಜಾಗ, ಬಾಣ ಎಂದರೆ ಯಾವ ಕಡೆ ಮೇಲೆ. ಬೆಂದ ಮೇಲೆ ಅದು ಅಳಿಸುವಂಥದ್ದಲ್ಲ.

ಉದ್ಘಾಟನೆಯ ದಿನ ಪರದೆ ಸರಿಯಿತು. ಜನ ಚಪ್ಪಾಳೆ ತಟ್ಟಿದರು. ಆ ಚಪ್ಪಾಳೆಯ ನಡುವೆ ಅವಳೇ ಕಿರುಚಿದಳು: "ಅಯ್ಯೋ! ಅವನು ತಲೆಕೆಳಗು!"

ಮಾಲೀಕನ ಮುಖ ಕೆಂಪಾಯಿತು. "ಯಾರ ತಪ್ಪಿದು?"

ಗೋಡೆಯ ಪಕ್ಕದಲ್ಲಿ ಸಿಮೆಂಟಿನ ಕೈ ಒರೆಸಿಕೊಳ್ಳುತ್ತ ನಿಂತಿದ್ದ ಮೇಸ್ತ್ರಿ ಒಂದು ಹೆಜ್ಜೆ ಮುಂದೆ ಬಂದ. "ನಂದೇ ಸಾರ್."

"ಕಣ್ಣಿಲ್ವಾ ನಿಂಗೆ? ಚಿತ್ರ ನೋಡ್ಲಿಲ್ವಾ?" ಎಂದು ಅವಳು ಎಲ್ಲರೆದುರು ಹಾರಾಡಿದಳು.

"ನಮ್ಮ ಕಸುಬಲ್ಲಿ ಮುಖ ನೋಡಲ್ಲ, ಬೆನ್ನು ನೋಡೋದು," ಎಂದ ಅವನು ಮೆಲ್ಲಗೆ. ಅದನ್ನು ಅವಳು ತುಂಬ ದಿನ ಹೇಳಿಕೊಂಡು ನಕ್ಕಳು. ಮೇಸ್ತ್ರಿ ಆ ವಾರವೆಲ್ಲ ಕಾರ್ಖಾನೆಯ ಬಾಗಿಲಿಗೆ ಬಂದು ಕ್ಷಮೆ ಕೇಳಿದ. ಒಂದು ತಪ್ಪಿಗೆ ಇಷ್ಟು ಸಲ ಕ್ಷಮೆ ಕೇಳುವವನು ಗಂಡನಾದರೆ ಒಳ್ಳೆಯದೇ ಎಂದು ಅವಳಿಗೆ ಅನ್ನಿಸಿದ್ದೂ ಆ ವಾರವೇ.

ಮದುವೆಯಾದ ಮೇಲೆ ಆ ಟೈಲು ಮನೆಯೊಳಗೇ ಬಂತು. ಸಾರಿಗೆ ಉಪ್ಪು ಹೆಚ್ಚಾದ ಜಗಳವಿರಲಿ, ಮಗಳನ್ನು ಯಾವ ಶಾಲೆಗೆ ಹಾಕಬೇಕೆಂಬ ಜಗಳವಿರಲಿ, ಸೋಲುವ ಹೊತ್ತಿಗೆ ಅವಳು ಅದನ್ನು ಎತ್ತುತ್ತಿದ್ದಳು: "ಮನುಷ್ಯನ್ನ ನೆಟ್ಟಗೆ ನಿಲ್ಲಿಸೋಕೆ ಬರದವರು ನನಗೆ ಬುದ್ಧಿ ಹೇಳೋಕೆ ಬಂದ್ರು!" ಅಲ್ಲಿಗೆ ಮುಗಿಯಿತು. ಅವನು ಗೋಡೆಯ ಕಡೆ ತಿರುಗಿ ಮಲಗುತ್ತಿದ್ದ. ಹಾಗೆ ಮಲಗಿದವನ ಬೆನ್ನು ಸ್ವಲ್ಪ ಹೊತ್ತು ಅಲುಗುತ್ತಿತ್ತು. ಅಳುತ್ತಿದ್ದಾನೆಂದು ಅವಳು ಮರುಗುತ್ತಿದ್ದಳು. ಆದರೂ ಮುಂದಿನ ಜಗಳಕ್ಕೆ ಅದೇ ಮಾತು.

*

ನಿಲ್ದಾಣದ ಅಧಿಕಾರಿ ಮೊದಲು ಆಗುವುದಿಲ್ಲವೆಂದರು. ಸತ್ತವನು ಯಾರೆಂದು ಗೊತ್ತಾದ ಮೇಲೆ ಟೋಪಿ ತೆಗೆದು, "ಬೆಟ್ಟದ ಬಸ್ಸು ಹೊರಡೋಕೆ ಮುಂಚೆ ಮುಗಿಸಿಬಿಡಿ ತಾಯಿ," ಎಂದರು. ಬಸ್ಸಿಗೆ ಸಾಲು ನಿಂತಿದ್ದವರು ಸಾಲು ಬಿಟ್ಟು ಗೋಡೆಯ ಸುತ್ತ ಸೇರಿದರು.

ಉದ್ದಣ್ಣ ಸಂದಿನ ಸಿಮೆಂಟು ಕೆರೆಯತೊಡಗಿದ. ಕೆರೆಯುವುದಕ್ಕಿಂತ ನಿಲ್ಲಿಸಿ ಅವಳ ಮುಖ ನೋಡುವುದೇ ಹೆಚ್ಚಾಗಿತ್ತು.

"ಈಗ್ಲೂ ಕಾಲ ಮಿಂಚಿಲ್ಲ ಅತ್ತಿಗೆ. ಬಿಟ್ಬಿಡೋಣ."

"ಯಾಕೋ ಹೀಗೆ ಕದ್ದು ಕದ್ದು ನೋಡ್ತೀಯ? ಕಳ್ಳನ ಹಾಗೆ?"

ಅವನು ಮತ್ತೆ ಕೆರೆಯತೊಡಗಿದ. ಅವಳ ಮೊಬೈಲು ಬಡಿದುಕೊಂಡಿತು. ಮಗಳು: "ಅಮ್ಮಾ, ಗಾಡಿ ಹೊರಡ್ತು. ನಾನೂ ಅತ್ತೆಯೂ ಅಪ್ಪನ ಜೊತೆ ಕೂತಿದೀವಿ."

"ಮೆಲ್ಲಗೆ ಬರೋಕೆ ಹೇಳು! ಅವರಿಗೇನೂ ಅವಸರ ಇಲ್ಲ!"

ಉಳಿಯ ಮೊನೆ ಟೈಲಿನ ಹಿಂದೆ ಹೋಯಿತು. ಟಕ್, ಟಕ್. ಮೇಲಿನ ಮೂಲೆ ಸಡಿಲವಾಯಿತು. ಯಾರೋ "ಹುಷಾರು, ಹುಷಾರು" ಎಂದು ಹಲ್ಲು ಕಚ್ಚಿಕೊಂಡು ಹೇಳಿದರು. ಅವಳು ಸೆರಗು ಒಡ್ಡಿ ನಿಂತಳು. ಟಕ್. ಯಾತ್ರಿಕ ಗೋಡೆ ಬಿಟ್ಟು ಇಡಿಯಾಗಿ ಸೆರಗಿಗೆ ಬಿದ್ದ. ಎಳ್ಳಷ್ಟೂ ಒಡೆದಿರಲಿಲ್ಲ. ಜನ ಹೋ ಎಂದು ಕೂಗಿದರು.

"ಕೊಡಿ, ಬೆನ್ನಿನ ಸಿಮೆಂಟು ನಾನು ಕೆರೀತೀನಿ," ಎಂದು ಉದ್ದಣ್ಣ ಟೈಲು ಕಿತ್ತುಕೊಂಡು ಎದೆಗೆ ಅವಚಿಕೊಂಡ.

"ಕೊಡೋ ಇಲ್ಲಿ. ಏನು ಮಗೂನ ಎತ್ಕೊಂಡ ಹಾಗೆ ಎತ್ಕೊಂಡಿದೀಯ!"

ಅವಳು ಟೈಲು ಎಳೆದುಕೊಂಡು ನೆಲದ ಮೇಲೆ ಕೂತಳು. ಗಂಡನ ಕರಣೆಯ ತುದಿಯಿಂದ ಹಳೆಯ ಸಿಮೆಂಟನ್ನು ಕೆರೆದಳು. ಮೊದಲು ಅಂಕಿ ಕಾಣಿಸಿತು. ಅವಳದೇ ಕೈ, ಹುಡುಗಿಯ ಕಾಲದ ಗುಂಡು ಅಕ್ಷರ. ಅವಳಿಗೆ ಖುಷಿಯಾಯಿತು. ಇನ್ನೂ ಕೆರೆದಳು. ಬಾಣದ ಕಡ್ಡಿ ಬಂತು. ಆಮೇಲೆ ಬಾಣದ ಮೊನೆ.

ಅವಳು ಟೈಲು ತಿರುಗಿಸಿ ಯಾತ್ರಿಕನನ್ನು ನೋಡಿದಳು. ಬೆನ್ನು ನೋಡಿದಳು. ಮತ್ತೆ ಮುಖ ನೋಡಿದಳು. ಬಾಣ ಯಾತ್ರಿಕನ ಕಾಲಿನ ಕಡೆಗಿತ್ತು.

ಬಾಣ ಬರೆದವಳು ಅವಳೇ. ಮೇಸ್ತ್ರಿ ಬಾಣ ಹೇಳಿದ ಹಾಗೆ ಕೂರಿಸಿದ್ದ.

"ಉದ್ದಣ್ಣ," ಎಂದಳು. "ಇವರಿಗೆ ಗೊತ್ತಿತ್ತಾ?"

"ನಾನೇ ಕೈಗೆ ಕೊಟ್ಟಿದ್ದು. ಇಬ್ರೂ ಬಾಣ ನೋಡಿದ್ವಿ." ಉದ್ದಣ್ಣ ಅವಳ ಪಕ್ಕ ಕುಕ್ಕರಿಸಿದ. "ಅವತ್ತು ನಾನು ಬಾಯಿ ತೆರೆದೆ, ಅವನು ನನ್ನ ಕಾಲು ತುಳಿದ. ಹುಡುಗಿ ಕೆಲಸ ಹೋಗುತ್ತೆ, ಸುಮ್ನಿರೋ ಅಂದ."

"ಮದುವೆ ಆದ್ಮೇಲೆ ಹೇಳ್ಬಹುದಿತ್ತಲ್ಲ! ಊರೆಲ್ಲ ಆಡಿಕೊಳ್ತಿತ್ತಲ್ಲೋ!"

"ನಾನೂ ಅದೇ ಕೇಳ್ದೆ. ಜಗಳ ಗೆಲ್ಲೋಕೆ ಅವಳ ಹತ್ರ ಇರೋದು ಅದೊಂದೇ ಕಣೋ, ಅದನ್ನೂ ಕಿತ್ಕೊಂಡ್ರೆ ರಾತ್ರಿಯೆಲ್ಲ ಜಗಳ ಮುಗಿಯಲ್ಲ ಅಂದ. ನೀವು ಆ ಮಾತು ಎತ್ತಿದ ತಕ್ಷಣ ಅವನಿಗೆ ನಗು ತಡ್ಕೊಳ್ಳೋಕೆ ಆಗ್ತಿರಲಿಲ್ವಂತೆ. ಗೋಡೆ ಕಡೆ ತಿರುಗಿ ಮಲಗಿಬಿಡ್ತಿದ್ನಂತೆ."

"ನಗ್ತಿದ್ರಾ?" ಎಂದಳು. ಅಷ್ಟು ವರ್ಷ ಮರುಗಿದವಳಲ್ಲಿ ಸಿಟ್ಟೂ ನಗುವೂ ಅಳುವೂ ಒಟ್ಟಿಗೇ ಎದ್ದವು. ಅವಳು ಮೊದಲ ಸಲ ಜೋರಾಗಿ ಅತ್ತಳು. ಅಳುತ್ತಲೇ, "ಮೋಸಗಾರ! ಮಹಾ ಮೋಸಗಾರ!" ಎಂದು ನಕ್ಕಳು.

ಹೊರಗೆ ಗಾಡಿ ಬಂದು ನಿಂತಿತು. ಹಿಂದಿನ ಬಾಗಿಲು ತೆರೆಯಿತು. ನಾದಿನಿ ಇಳಿದು ಬಂದವಳು ಗೋಡೆಯ ತೂತು ನೋಡಿ ಎದೆ ಬಡಿದುಕೊಂಡಳು. "ಇನ್ನೂ ಇಟ್ಟಿಲ್ವಾ? ಒಡೆದು ಹಾಕಿದ್ಯಾ?"

ಅವಳು ಟೈಲಿನ ಎರಡು ಮಗ್ಗುಲನ್ನೂ ತೋರಿಸಿದಳು. "ಬಾಣ ಇದ್ದ ಕಡೆ ಮೇಲೆ. ಬರೆದಿದ್ದು ನಾನು." ನಾದಿನಿ ನೋಡಿದಳು. ಟೈಲ್ಸಿನವನ ಅಕ್ಕನಿಗೆ ಅಷ್ಟು ಸಾಕಾಯಿತು. ಅವಳು ಗರಕ್ಕನೆ ಜನರ ಕಡೆ ತಿರುಗಿ, ಅತ್ತದ್ದಕ್ಕಿಂತ ದೊಡ್ಡ ದನಿಯಲ್ಲಿ ಸಾರಿದಳು: "ಕೇಳಿದ್ರಾ? ನನ್ನ ತಮ್ಮ ತಪ್ಪು ಮಾಡಿಲ್ಲ! ಬಾಣವೇ ತಪ್ಪು! ಇವಳೇ ಒಪ್ಕೊಂಡ್ಳು!" ಸಾಲಿನ ಕೊನೆಯವರೆಗೂ ಓಡಿ ಓಡಿ ಹೇಳಿಬಂದಳು.

ಉದ್ದಣ್ಣ ಬಿಳಿ ಸಿಮೆಂಟು ಕಲಸಿದ. "ಕೊಡಿ ಅತ್ತಿಗೆ, ನೆಟ್ಟಗೆ ಇಟ್ಬಿಡ್ತೀನಿ."

"ನಾನು ಇಡ್ತೀನಿ."

ಅವಳು ಎದ್ದು ಟೈಲನ್ನು ತೂತಿನ ಹತ್ತಿರ ಹಿಡಿದಳು. ಯಾತ್ರಿಕನ ಮುಖವನ್ನು ಗೋಡೆಯ ಕಡೆ ಮಾಡಿದಳು. ಕೆಂಪು ಮಣ್ಣಿನ ಬೆನ್ನು ಹೊರಗೆ, ನೀಲಿ ಬಾಣ ಮೇಲಕ್ಕೆ.

"ತಾಯಿ, ಇದೇನು, ಬೆನ್ನು ಕಾಣುತ್ತಲ್ಲ!" ಎಂದರು ಅಧಿಕಾರಿ.

"ಕಾಣ್ಲಿ. ಯಾರ ತಪ್ಪು ಅಂತ ಇನ್ಮೇಲೆ ಎಲ್ರಿಗೂ ಕಾಣ್ಲಿ."

"ಹೊಳಪಿನ ಕಡೆ ಸಿಮೆಂಟು ಹಿಡಿಯಲ್ಲ ಅತ್ತಿಗೆ," ಎಂದ ಉದ್ದಣ್ಣ. "ಜಾರಿ ಬೀಳುತ್ತೆ."

"ನಾಲ್ಕು ಕಡೆ ಸಂದಿಗೆ ತುಂಬು. ಹಿಡಿಯೋವರೆಗೂ ನಾನು ಒತ್ತಿ ಹಿಡ್ಕೊಂಡಿರ್ತೀನಿ. ಇವರಿಗೇನು ಅವಸರ?"

ಉದ್ದಣ್ಣ ತುಂಬಿದ. ಅವಳು ಎರಡೂ ಅಂಗೈ ಊರಿ ನಿಂತಳು. ಗಾಡಿಯ ತೆರೆದ ಬಾಗಿಲಿನಿಂದ ಮೇಸ್ತ್ರಿಯ ಪಾದಗಳು ಕಾಣುತ್ತಿದ್ದವು. ಮಗಳು ಅವನ ತಲೆಯನ್ನು ಗೋಡೆಯ ಕಡೆಗೆ ಸ್ವಲ್ಪ ಹೊರಳಿಸಿದಳು. ನೂಕುನುಗ್ಗಲಿನಲ್ಲಿದ್ದ ಜನ ತಾವಾಗಿಯೇ ಪಕ್ಕಕ್ಕೆ ಸರಿದರು.

ಗೋಡೆಯ ಆಚೆ ಬೆಟ್ಟದ ಬಸ್ಸಿನ ಇಂಜಿನ್ನು ಶುರುವಾಯಿತು. ಗೋಡೆ ಸಣ್ಣಗೆ ನಡುಗಿತು. ಅವಳ ಅಂಗೈಗಳ ಕೆಳಗೆ ಆ ಬೆನ್ನು ಅಲುಗತೊಡಗಿತು, ರಾತ್ರಿಗಳಲ್ಲಿ ಅಲುಗುತ್ತಿದ್ದ ಹಾಗೆಯೇ.

"ನಗ್ರೀ," ಎಂದಳು ಅವಳು, ಕೈ ತೆಗೆಯದೆ. "ನಗ್ರೀ, ನಗ್ರೀ."